ಎಲ್ಲೂ ಸಿಕ್ಕಿಬೀಳದ ತವರ: ಗ್ರಾನೈಟಿನ ಖನಿಜಗಳು ಹೇಳುವ ಅದಿರಿನ ಚರಿತ್ರೆ



ಭೂಮಿಯ ಹೊರಪದರದ ಒಂದು ಟನ್ ಬಂಡೆಯಲ್ಲಿ ಸರಾಸರಿ 2 ಗ್ರಾಂನಷ್ಟು ತವರ ಇರುತ್ತದೆ. ಗಣಿ ಮಾಡುವವರಿಗೆ ಇದು ಇದ್ದೂ ಇಲ್ಲದ ಲೆಕ್ಕ. ಗಟ್ಟಿ ಬಂಡೆಯನ್ನು ಸಿಡಿಸಿ, ಪುಡಿಮಾಡಿ, ತೊಳೆದು ತವರ ತೆಗೆಯುವ ಕೆಲಸ ಗಿಟ್ಟಬೇಕಾದರೆ ಟನ್ನಿಗೆ ಕೆಲವು ಕಿಲೋ ಆದರೂ ಸಿಗಬೇಕು. ಅಂದರೆ ಪ್ರಕೃತಿಯೇ ಸಾವಿರಾರು ಪಟ್ಟು ಸಾಂದ್ರಗೊಳಿಸಿ ಇಟ್ಟ ಕಡೆ ಮಾತ್ರ ತವರದ ಗಣಿ ಸಾಧ್ಯ. ಇಂಗ್ಲೆಂಡಿನ ಕಾರ್ನ್‌ವಾಲ್, ಜರ್ಮನಿ ಮತ್ತು ಚೆಕ್ ಗಡಿಯ ಎರ್ಟ್ಸ್‌ಗೆಬಿರ್ಗೆ, ಮಲೇಷ್ಯಾ, ಇಂಡೋನೇಷ್ಯಾ, ಬೊಲಿವಿಯಾ, ದಕ್ಷಿಣ ಚೀನಾ ಅಂಥ ಜಾಗಗಳು. ಇವುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಅದಿರಿನ ಪಕ್ಕದಲ್ಲೋ ಕೆಳಗೋ ಗ್ರಾನೈಟ್ ಅಥವಾ ಅದರ ಬಳಗದ ಶಿಲೆ ಇದೆ. ಆದರೆ ಗ್ರಾನೈಟ್ ಇರುವ ಎಲ್ಲ ಕಡೆ ತವರ ಇಲ್ಲ. ರಾಮನಗರದ ಬೆಟ್ಟಗಳು, ಚಿತ್ರದುರ್ಗದ ಕೋಟೆಗುಡ್ಡ ಎಲ್ಲವೂ ಗ್ರಾನೈಟೇ, ಆದರೂ ಅಲ್ಲಿ ಯಾರೂ ತವರ ಅಗೆದಿಲ್ಲ. ಯಾಕೆ ಒಂದು ಗ್ರಾನೈಟಿಗೆ ತವರ ಒಲಿಯಿತು, ಇನ್ನೊಂದಕ್ಕೆ ಒಲಿಯಲಿಲ್ಲ?

ಉತ್ತರವನ್ನು ಅದಿರಿನಲ್ಲೇ ಹುಡುಕುವುದು ಸಹಜ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಈ ವಿಷಯವನ್ನು ನಮಗೆ ಹೆಚ್ಚು ತಿಳಿಸಿಕೊಟ್ಟಿರುವುದು ಗ್ರಾನೈಟಿನ ಮಾಮೂಲಿ ಖನಿಜಗಳು: ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ನಮ್ಮ ಹಳ್ಳಿಗಳಲ್ಲಿ ಕಾಗೆಬಂಗಾರ ಎನ್ನುವ ಅಭ್ರಕ, ಸೂಕ್ಷ್ಮದರ್ಶಕವಿಲ್ಲದೆ ಕಾಣದ ಜಿರ್ಕಾನ್, ಕರಿಯ ಚುಕ್ಕೆಯಂತೆ ಕೂತಿರುವ ಇಲ್ಮನೈಟ್. ಇವು ಅದಿರಲ್ಲ, ಇವನ್ನು ಯಾರೂ ತವರಕ್ಕಾಗಿ ಕೊಳ್ಳುವುದಿಲ್ಲ. ಆದರೂ ಶಿಲಾಪಾಕ ಆರುತ್ತಿದ್ದಾಗ ತವರವನ್ನು ಯಾರು ಹಿಡಿದಿಟ್ಟುಕೊಂಡರು, ಯಾರು ಬಿಟ್ಟುಕೊಟ್ಟರು ಎಂಬ ದಾಖಲೆ ಇವುಗಳ ಒಳಗಿದೆ. ನಾನು ಇಂದು ಹೇಳಬೇಕೆಂದಿರುವುದು ಇಷ್ಟು: ತವರ ಕೊನೆಗೆ ಒಂದೆಡೆ ಸೇರಬೇಕಾದರೆ, ಅಲ್ಲಿಯವರೆಗಿನ ದಾರಿಯಲ್ಲಿ ಅದು ಎಲ್ಲೂ ಸಿಕ್ಕಿಬೀಳಬಾರದು. ತವರದ ನಿಕ್ಷೇಪವನ್ನು ಅರ್ಥಮಾಡಿಕೊಳ್ಳುವುದೆಂದರೆ ಆ ದಾರಿಯನ್ನು ಹೆಜ್ಜೆಹೆಜ್ಜೆಯಾಗಿ ಓದುವುದು.

ಓದಿಗೆ ಕಾರ್ನ್‌ವಾಲನ್ನು ಆರಿಸಿಕೊಂಡಿದ್ದೇನೆ. ಜಗತ್ತಿನಲ್ಲಿ ಬಹಳ ಕೂಲಂಕಷವಾಗಿ ಅಧ್ಯಯನಗೊಂಡ ತವರದ ಸೀಮೆಗಳಲ್ಲಿ ಅದೊಂದು. ಇನ್ನೊಂದು ಕಾರಣ ನಮ್ಮ ಕೋಲಾರ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೋಲಾರದ ಚಿನ್ನದ ಗಣಿಗಳನ್ನು ನಡೆಸಲು ತೊಡಗಿದಾಗ, ಭೂಮಿಯೊಳಗಿನ ಕೆಲಸಕ್ಕೆ ಅವರು ಕರೆತಂದವರಲ್ಲಿ ಕಾರ್ನ್‌ವಾಲಿನ ಗಣಿಗಾರರು ಬಹಳ ಮಂದಿ ಇದ್ದರು. ಆಗ ಅವರ ನಾಡಿನ ತವರ, ಮಲಯಾ ಮತ್ತು ಆಸ್ಟ್ರೇಲಿಯಾದ ಅಗ್ಗದ ತವರದ ಮುಂದೆ ನಿಲ್ಲಲಾರದೆ ಕುಸಿಯುತ್ತಿತ್ತು. ತಲೆಮಾರುಗಳಿಂದ ಗ್ರಾನೈಟಿನ ಸಿರಗಳನ್ನು ಹಿಂಬಾಲಿಸಿದ್ದ ಜನ ಕೋಲಾರದ ಕಪ್ಪು ಹಾರ್ನ್‌ಬ್ಲೆಂಡ್ ಶಿಲೆಯಲ್ಲಿ ಚಿನ್ನದ ಸಿರವನ್ನು ಹಿಂಬಾಲಿಸಿದರು. ಶಿಲೆ ಬೇರೆ, ಲೋಹ ಬೇರೆ, ಕೈಯ ಪಳಗಿಕೆ ಒಂದೇ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಕಾರ್ನ್‌ವಾಲಿನ ಕಡೆಯ ತವರದ ಗಣಿಯಾದ ಸೌತ್ ಕ್ರಾಫ್ಟಿ ಅದಕ್ಕೂ ಮೂರು ವರ್ಷ ಮುಂಚೆ, 1998ರಲ್ಲಿ ಮುಚ್ಚಿತ್ತು.

ಕಾರ್ನ್‌ವಾಲಿನ ಗ್ರಾನೈಟ್ ನೆಲದ ಮೇಲೆ ಬಿಡಿಬಿಡಿ ಗುಡ್ಡಗಳಾಗಿ ಕಾಣುತ್ತದೆ. ಪೂರ್ವದಲ್ಲಿ ಡಾರ್ಟ್‌ಮೂರ್, ಆಮೇಲೆ ಬಾಡ್ಮಿನ್ ಮೂರ್, ಸೇಂಟ್ ಆಸ್ಟೆಲ್, ಕಾರ್ನ್‌ಮೆನೆಲಿಸ್, ಲ್ಯಾಂಡ್ಸ್ ಎಂಡ್, ಕೊನೆಗೆ ಸಮುದ್ರದಾಚೆ ಸಿಲಿ ದ್ವೀಪಗಳು. ಕೆಳಗೆ ಇವೆಲ್ಲ ಒಂದೇ ಬೃಹತ್ ಗ್ರಾನೈಟ್ ರಾಶಿಯ ತಲೆಗಳು. ಇನ್ನೂರು ಕಿಲೋಮೀಟರಿಗೂ ಉದ್ದವಾದ ಈ ರಾಶಿ ಒಂದೇ ಸಲಕ್ಕೆ ಹುಟ್ಟಿದ್ದಲ್ಲ. ಸುಮಾರು 29 ಕೋಟಿಯಿಂದ 27 ಕೋಟಿ ವರ್ಷಗಳ ಹಿಂದಿನ ನಡುವೆ, ಕಂತುಕಂತಾಗಿ ಶಿಲಾಪಾಕ ಮೇಲೇರಿ ಗಟ್ಟಿಯಾಯಿತು. ಅದಕ್ಕೂ ಮುಂಚೆ ಅಲ್ಲೊಂದು ಸಮುದ್ರ ಮುಚ್ಚಿ, ಖಂಡಗಳು ಡಿಕ್ಕಿಯಾಗಿ, ಸಮುದ್ರತಳದ ಕೆಸರು ಮಡಿಕೆಮಡಿಕೆಯಾಗಿ ದಪ್ಪಗಾಗಿತ್ತು. ಡಿಕ್ಕಿಯ ಒತ್ತಡ ಸಡಿಲವಾಗಿ ನೆಲ ಹಿಗ್ಗತೊಡಗಿದಾಗ ಕೆಳಗಿನಿಂದ ಶಾಖ ಏರಿತು, ಆಳದಲ್ಲಿದ್ದ ಆ ಹಳೆಯ ಕೆಸರುಶಿಲೆ ಕರಗಿತು.

ಈ ಕೆಸರಿನ ಮಾತನ್ನು ನಾವು ಹೇಗೆ ಬಲ್ಲೆವು? ಕಾರ್ನ್‌ವಾಲಿನ ಗ್ರಾನೈಟನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ. ಕಂದು ಬಣ್ಣದ ಬಯೊಟೈಟ್ ಅಭ್ರಕದ ಜೊತೆಗೆ ಬಣ್ಣವಿಲ್ಲದ ಮಸ್ಕೊವೈಟ್ ಅಭ್ರಕವೂ ಇರುತ್ತದೆ. ಅಲ್ಲಲ್ಲಿ ಆಂಡಲುಸೈಟ್, ಕಾರ್ಡಿಯರೈಟ್ ಸಿಗುತ್ತವೆ. ಮಸ್ಕೊವೈಟ್ ಮತ್ತು ಈ ಎರಡೂ ಅಲ್ಯುಮಿನಿಯಂ ಹೆಚ್ಚಾದಾಗ ಹುಟ್ಟುವ ಖನಿಜಗಳು. ಜೇಡಿಮಣ್ಣಿನಲ್ಲಿ ಅಲ್ಯುಮಿನಿಯಂ ಹೆಚ್ಚು, ಏಕೆಂದರೆ ಮಳೆಗಾಳಿಗೆ ಸಿಕ್ಕ ಬಂಡೆಯಿಂದ ಸೋಡಿಯಂ, ಕ್ಯಾಲ್ಸಿಯಂ ತೊಳೆದುಹೋಗಿ ಅಲ್ಯುಮಿನಿಯಂ ಹಿಂದೆ ಉಳಿಯುತ್ತದೆ. ಹೀಗೆ ಕೆಸರುಶಿಲೆ ಕರಗಿ ಆದ ಗ್ರಾನೈಟನ್ನೂ, ಅಗ್ನಿಶಿಲೆಯೇ ಮತ್ತೆ ಕರಗಿ ಆದ ಗ್ರಾನೈಟನ್ನೂ ಬೇರೆಬೇರೆ ಎಂದು ಗುರುತಿಸಿ 1974ರಲ್ಲಿ ಹೆಸರಿಟ್ಟವರು ಆಸ್ಟ್ರೇಲಿಯಾದ ಬ್ರೂಸ್ ಚಾಪೆಲ್ ಮತ್ತು ಆಲನ್ ವೈಟ್. ಅವರ ವಿಂಗಡಣೆಯಲ್ಲಿ ಕೆಸರಿನಿಂದಾದದ್ದು ಎಸ್ ಬಗೆ, ಅಗ್ನಿಶಿಲೆಯಿಂದಾದದ್ದು ಐ ಬಗೆ. ತವರದ ಗ್ರಾನೈಟುಗಳೆಲ್ಲ ಎಸ್ ಬಗೆಯವೇ ಎಂದು ಹೇಳಲಾಗದು. ಐ ಬಗೆಯಲ್ಲೂ ತವರ ಸಿಕ್ಕಿದೆ. ಆದರೆ ಕಾರ್ನ್‌ವಾಲ್ ಮಟ್ಟಿಗೆ ಜೇಡಿಮಣ್ಣಿನ ಮೂಲ ನಿಸ್ಸಂಶಯ.

ಜೇಡಿಮಣ್ಣಿನ ಮೂಲ ಇನ್ನೂ ಒಂದು ಕಾರಣಕ್ಕೆ ಮುಖ್ಯ. ಸೋಡಿಯಂ, ಕ್ಯಾಲ್ಸಿಯಂ ತೊಳೆದುಹೋಗುವಾಗ ತವರ ಹೋಗುವುದಿಲ್ಲ, ಜೇಡಿಯ ಜೊತೆಯಲ್ಲೇ ಉಳಿಯುತ್ತದೆ. ಹಳೆಯ ಖಂಡಗಳ ಮೇಲೆ ಕೋಟ್ಯಂತರ ವರ್ಷ ನಡೆದ ಈ ಶಿಥಿಲೀಕರಣವೇ ತವರದ ಮೊದಲ ಸಾಂದ್ರೀಕರಣ ಎಂದು ಜರ್ಮನಿಯ ರಾಲ್ಫ್ ರೋಮರ್ ಮತ್ತು ಉವೆ ಕ್ರೋನರ್ 2016ರಲ್ಲಿ ವಾದಿಸಿದರು. ಯುರೋಪಿನ ತವರ ಯಾಕೆ ಆ ಖಂಡದ ಕೆಲವೇ ಪಟ್ಟಿಗಳಲ್ಲಿದೆ ಎನ್ನುವುದಕ್ಕೆ ನನಗೆ ಇದಕ್ಕಿಂತ ಒಪ್ಪಿಗೆಯಾಗುವ ವಿವರಣೆ ಸಿಕ್ಕಿಲ್ಲ. ಶಿಲಾಪಾಕ ಹುಟ್ಟುವ ಎಷ್ಟೋ ಮುಂಚೆ, ಮಳೆ ಮತ್ತು ನದಿ ಈ ಕೆಲಸವನ್ನು ಶುರುಮಾಡಿದ್ದವು.

ಈಗ ಶಿಲಾಪಾಕದ ಒಳಗೆ ಹೋಗೋಣ. ಇಲ್ಲಿ ನಮಗೆ ದಾರಿ ತೋರಿಸಿದವರು ಜಪಾನಿನ ಭೂವಿಜ್ಞಾನ ಸರ್ವೇಕ್ಷಣೆಯ ಶುನ್ಸೊ ಇಶಿಹಾರಾ. ಅವರು 1977ರಲ್ಲಿ ಪ್ರಕಟಿಸಿದ ಲೇಖನದ ಮುಖ್ಯ ಸಂಗತಿಯನ್ನು ಅಯಸ್ಕಾಂತ ಹಿಡಿದ ಶಾಲಾ ಹುಡುಗಿಯೂ ಪರೀಕ್ಷಿಸಬಹುದು. ಗ್ರಾನೈಟುಗಳಲ್ಲಿ ಎರಡು ಸಾಲು. ಒಂದರಲ್ಲಿ ಮ್ಯಾಗ್ನಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್, ಗಾತ್ರದಲ್ಲಿ ಶೇಕಡಾ 0.1ರಿಂದ 2ರವರೆಗೆ ಇರುತ್ತದೆ. ಇನ್ನೊಂದರಲ್ಲಿ ಮ್ಯಾಗ್ನಟೈಟ್ ಇಲ್ಲವೇ ಇಲ್ಲ ಎನ್ನಬಹುದು, ಬದಲಿಗೆ ಸ್ವಲ್ಪ ಇಲ್ಮನೈಟ್ ಇರುತ್ತದೆ. ಜಪಾನಿನಲ್ಲಿ ಈ ಎರಡು ಸಾಲುಗಳು ನಕ್ಷೆಯ ಮೇಲೆ ಎರಡು ಪಟ್ಟಿಗಳಾಗಿಯೇ ಬೀಳುತ್ತವೆ. ಉತ್ತರದ ಸಾನ್‌ಇನ್ ಪಟ್ಟಿ ಮ್ಯಾಗ್ನಟೈಟಿನದು. ಜಪಾನಿನ ಖಡ್ಗಗಳ ಉಕ್ಕಿಗೆ ಬೇಕಾದ ಕಬ್ಬಿಣದ ಮರಳು ಈ ಗ್ರಾನೈಟುಗಳು ಸವೆದೇ ಬಂದದ್ದು. ಅಲ್ಲಿ ಮಾಲಿಬ್ಡಿನಂ ಗಣಿಗಳಿದ್ದವು. ದಕ್ಷಿಣದ ಸಾನ್‌ಯೊ ಪಟ್ಟಿ ಇಲ್ಮನೈಟಿನದು, ಅಲ್ಲಿ ಟಂಗ್‌ಸ್ಟನ್ ಮತ್ತು ತವರ. ಕಾರ್ನ್‌ವಾಲ್, ಮಲೇಷ್ಯಾದ ಬೆನ್ನೆಲುಬಿನಂತಿರುವ ಮುಖ್ಯ ಗ್ರಾನೈಟ್ ಸಾಲು, ಎರಡೂ ಇಲ್ಮನೈಟಿನ ಕಡೆಯವು.

ಅಯಸ್ಕಾಂತಕ್ಕೂ ತವರಕ್ಕೂ ಏನು ಸಂಬಂಧ? ಸಂಬಂಧ ಆಮ್ಲಜನಕದ ಮೂಲಕ. ಶಿಲಾಪಾಕದಲ್ಲಿ ಆಮ್ಲಜನಕ ಧಾರಾಳವಾಗಿದ್ದರೆ ಕಬ್ಬಿಣದ ಒಂದು ಪಾಲು ಹೆಚ್ಚು ಉತ್ಕರ್ಷಣಗೊಂಡು ಮ್ಯಾಗ್ನಟೈಟ್ ಆಗುತ್ತದೆ. ಆಮ್ಲಜನಕದ ಕೊರತೆಯಿದ್ದರೆ ಆಗುವುದಿಲ್ಲ. ಸಮುದ್ರದ ಕೆಸರಿನಲ್ಲಿ ಸತ್ತ ಜೀವಿಗಳ ಇಂಗಾಲ ಇರುತ್ತದೆ. ಕೆಸರು ಕರಗುವಾಗ ಈ ಇಂಗಾಲ ಆಮ್ಲಜನಕವನ್ನು ಕಬಳಿಸುತ್ತದೆ. ಆದ್ದರಿಂದ ಕೆಸರಿನಿಂದ ಹುಟ್ಟಿದ, ಅಥವಾ ಏರುವಾಗ ಕೆಸರನ್ನು ಜೀರ್ಣಿಸಿಕೊಂಡ ಶಿಲಾಪಾಕದಲ್ಲಿ ಸಾಮಾನ್ಯವಾಗಿ ಆಮ್ಲಜನಕದ ಬರ.

ತವರಕ್ಕೆ ಶಿಲಾಪಾಕದಲ್ಲಿ ಎರಡು ಸ್ಥಿತಿಗಳು. ಆಮ್ಲಜನಕ ಇದ್ದಲ್ಲಿ ಅದರ ಅಯಾನು ನಾಲ್ಕು ಧನ ಆವೇಶ ಹೊತ್ತು ಚಿಕ್ಕದಾಗಿರುತ್ತದೆ, ಗಾತ್ರದಲ್ಲಿ ಟೈಟೇನಿಯಂ ಅಯಾನಿಗೆ ಹತ್ತಿರ. ಆಮ್ಲಜನಕ ಇಲ್ಲದಲ್ಲಿ ಎರಡೇ ಆವೇಶ, ಅಯಾನು ಬಹಳ ದೊಡ್ಡದು. ಶಿಲಾಪಾಕ ಆರುವಾಗ ಖನಿಜಗಳು ಒಂದಾದ ಮೇಲೊಂದು ಹರಳುಗಟ್ಟುತ್ತವೆ. ಮದುವೆ ಮನೆಯ ಪಂಕ್ತಿಗಳ ಹಾಗೆ ಎನ್ನೋಣ: ಪ್ರತಿ ಖನಿಜದ ಪಂಕ್ತಿಯಲ್ಲೂ ಎಲೆಗಳ ಅಳತೆ ಗೊತ್ತಾಗಿದೆ, ಅಳತೆಗೆ ಹೊಂದುವವರು ಕೂರುತ್ತಾರೆ, ಹೊಂದದವರು ಹೊರಗೆ ಚಪ್ಪರದಲ್ಲೇ ಉಳಿಯುತ್ತಾರೆ. ನಾಲ್ಕು ಆವೇಶದ ತವರ ಟೈಟೇನಿಯಮ್ಮಿನ ಎಲೆಯಲ್ಲಿ ಕೂತುಬಿಡುತ್ತದೆ. ಟೈಟನೈಟ್ ಎಂಬ ಜೇನುಬಣ್ಣದ ಖನಿಜ, ಮ್ಯಾಗ್ನಟೈಟ್, ಹಾರ್ನ್‌ಬ್ಲೆಂಡ್, ಬಯೊಟೈಟ್ ಎಲ್ಲವೂ ಅದಕ್ಕೆ ಜಾಗ ಕೊಡುತ್ತವೆ. ಹೀಗೆ ಕೂತ ತವರ ಗ್ರಾನೈಟಿನ ಉದ್ದಗಲಕ್ಕೂ ಚದುರಿಹೋಯಿತು, ಇನ್ನು ಎಂದಿಗೂ ಒಂದೆಡೆ ಸೇರದು. ಎರಡು ಆವೇಶದ ದೊಡ್ಡ ತವರಕ್ಕೆ ಎಲ್ಲೂ ಜಾಗವಿಲ್ಲ. ಅದು ಕಡೆಯವರೆಗೂ ಉಳಿದ ಪಾಕದಲ್ಲೇ ಇರಬೇಕು, ಪಾಕ ಕಡಿಮೆಯಾದಂತೆ ಅದರಲ್ಲಿ ತವರದ ಪ್ರಮಾಣ ಏರುತ್ತ ಹೋಗಬೇಕು. ರಾಬರ್ಟ್ ಲಿನ್ನೆನ್, ಮಿಶೆಲ್ ಪಿಶವಾಂ ಮತ್ತು ಸಂಗಡಿಗರು 1990ರ ದಶಕದಲ್ಲಿ ಪ್ರಯೋಗಾಲಯದಲ್ಲೇ ಗ್ರಾನೈಟಿನಂಥ ಪಾಕ ಮಾಡಿ ಇದನ್ನು ತೋರಿಸಿಕೊಟ್ಟರು. ಆಮ್ಲಜನಕ ಕಡಿಮೆಯಾದಷ್ಟೂ ಪಾಕ ತನ್ನೊಳಗೆ ಹೆಚ್ಚು ಹೆಚ್ಚು ತವರವನ್ನು ಕರಗಿಸಿ ಇಟ್ಟುಕೊಳ್ಳಬಲ್ಲದು.

ಇದು ಎಷ್ಟು ದೊಡ್ಡ ವ್ಯತ್ಯಾಸ ಎಂದು ತಿಳಿಯಲು ಒಂದು ಲೆಕ್ಕ ಮಾಡಬಹುದು. ವಿದ್ಯಾರ್ಥಿಗಳು ಮನೆಯಲ್ಲಿ ಮತ್ತೊಮ್ಮೆ ಮಾಡಿ ನೋಡಬೇಕೆಂದು ನನ್ನ ಆಸೆ. ಶಿಲಾಪಾಕದಲ್ಲಿ ಮೊದಲಿಗೆ ಟನ್ನಿಗೆ 4 ಗ್ರಾಂ ತವರ ಇತ್ತು ಎನ್ನೋಣ. ಪಾಕದ ಹತ್ತರಲ್ಲಿ ಒಂಬತ್ತು ಪಾಲು ಹರಳಾಗಿ ಬೇರ್ಪಟ್ಟಿತು. ಹರಳುಗಳು ಪಾಕದಲ್ಲಿರುವ ಪ್ರಮಾಣದ ಹತ್ತನೇ ಒಂದರಷ್ಟು ತವರವನ್ನು ಮಾತ್ರ ಸ್ವೀಕರಿಸುವುದಾದರೆ, ಉಳಿದ ಪಾಕದಲ್ಲಿ ಟನ್ನಿಗೆ ಸುಮಾರು 32 ಗ್ರಾಂ ಇರುತ್ತದೆ. ಅರ್ಧದಷ್ಟು ಸ್ವೀಕರಿಸಿದರೆ 12 ಗ್ರಾಂ ಚಿಲ್ಲರೆ. ಹರಳುಗಳೇ ತವರಪ್ರಿಯವಾಗಿ, ಪಾಕದ ಎರಡು ಪಟ್ಟು ಹೀರಿಕೊಂಡರೆ ಉಳಿಯುವುದು ಅರ್ಧ ಗ್ರಾಮಿಗೂ ಕಡಿಮೆ. ಮೊದಲ ಬಂಡವಾಳ ಒಂದೇ. ಹರಳುಗಳ ಸ್ವಭಾವ ಬೇರೆಯಾಯಿತು, ಅಷ್ಟೆ. ಬರ್ನ್‌ಡ್ ಲೇಮನ್ ತಮ್ಮ 1990ರ ಪುಸ್ತಕದಲ್ಲಿ ಜಗತ್ತಿನ ಹಲವು ತವರದ ಸೀಮೆಗಳ ವಿಶ್ಲೇಷಣೆಗಳನ್ನು ಒಟ್ಟುಗೂಡಿಸಿ ಇದೇ ನಡೆಯನ್ನು ತೋರಿಸಿದ್ದಾರೆ. ಟೈಟೇನಿಯಂ ಇಳಿಯುತ್ತ ಹೋದಂತೆ ತವರ ಏರುತ್ತದೆ, ಒಂದೇ ಗೆರೆಯ ಮೇಲೆ. ತವರಕ್ಕೆ ಮೂಲದಲ್ಲೇ ವಿಶೇಷ ಶ್ರೀಮಂತಿಕೆ ಬೇಕು ಎಂದು ನಂಬಿದ್ದವರಿಗೆ ಆ ಗೆರೆ ಪ್ರಬಲವಾದ ಉತ್ತರ ಕೊಟ್ಟಿತು. ಶ್ರೀಮಂತ ಮೂಲ ಸಹಾಯ ಮಾಡುತ್ತದೆ. ಆದರೆ ಕೆಲಸ ಮಾಡುವುದು ಹರಳುಗಟ್ಟುವಿಕೆ.

ನಮ್ಮ ಕ್ಲೋಸ್‌ಪೇಟೆ ಗ್ರಾನೈಟಿನ ಮಾತನ್ನು ಇಲ್ಲಿ ಆಡಬೇಕು. ರಾಮನಗರದ ಹಳೆಯ ಹೆಸರನ್ನು ಹೊತ್ತ ಈ ಗ್ರಾನೈಟ್ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಚಾಚಿದೆ. ವಯಸ್ಸು ಸುಮಾರು 250 ಕೋಟಿ ವರ್ಷ, ಕಾರ್ನ್‌ವಾಲಿನದಕ್ಕಿಂತ ಎಂಟು ಪಟ್ಟಿಗೂ ಮಿಗಿಲು. ಅದರ ತೆಳುಸೀಳಿನಲ್ಲಿ ಮ್ಯಾಗ್ನಟೈಟ್ ಕಾಣುತ್ತದೆ, ಬೆಣೆಯಾಕಾರದ ಟೈಟನೈಟ್ ಹರಳುಗಳು ಕಾಣುತ್ತವೆ. ಅದರ ಮೂಲದಲ್ಲಿ ಭೂಮಿಯ ಕವಚದಿಂದ ಬಂದ ಪಾಕದ ದೊಡ್ಡ ಪಾಲಿದೆ. ಇಷ್ಟನ್ನು ನೋಡಿದರೆ ಅಲ್ಲಿ ತವರದ ಗಣಿ ಇಲ್ಲದಿರುವುದು ಆಶ್ಚರ್ಯವಲ್ಲ. ತವರವನ್ನು ಹಿಡಿದಿಡುವ ಖನಿಜಗಳೇ ಅಲ್ಲಿ ಮೊದಲ ಪಂಕ್ತಿಯಲ್ಲಿ ಕೂತಿದ್ದವು. ಒಂದು ನಿಕ್ಷೇಪ ಯಾಕೆ ಇಲ್ಲ ಎಂದು ಕಾರಣಸಹಿತ ಹೇಳಬಲ್ಲ ವಿಜ್ಞಾನವನ್ನು ನಾನು ಬಹಳ ಗೌರವಿಸುತ್ತೇನೆ. ಎಲ್ಲಿ ಹುಡುಕಬಾರದು ಎಂದು ತಿಳಿದರೆ ಉಳಿಯುವ ಹಣ, ಶ್ರಮ, ಅಗೆಯದೆ ಉಳಿಯುವ ಗುಡ್ಡ, ಇವು ಸಣ್ಣ ಲಾಭಗಳಲ್ಲ.

ಪಾಕ ಎಷ್ಟು ದೂರ ಸಾಗಿತ್ತು, ಅಂದರೆ ಎಷ್ಟು ಪಾಲು ಹರಳಾದ ಮೇಲೆ ಉಳಿದದ್ದು ಇದು, ಎಂದು ಹೇಳುವ ಖನಿಜಗಳು ಬೇರೆ ಇವೆ. ಫೆಲ್ಡ್‌ಸ್ಪಾರ್ ಮತ್ತು ಅಭ್ರಕದಲ್ಲಿ ಪೊಟ್ಯಾಸಿಯಮ್ಮಿನ ಜಾಗಕ್ಕೆ ರುಬಿಡಿಯಂ ನುಗ್ಗುತ್ತದೆ. ಪಾಕ ದೂರ ಸಾಗಿದಷ್ಟೂ ರುಬಿಡಿಯಂ ಪಾಲು ಹೆಚ್ಚು. ನಿಯೋಬಿಯಂ ಮತ್ತು ಟ್ಯಾಂಟಲಂ ಅವಳಿಗಳಂತೆ ಜೊತೆಯಲ್ಲೇ ನಡೆಯುವ ಧಾತುಗಳು. ಆದರೆ ಮಸ್ಕೊವೈಟ್, ಬಯೊಟೈಟುಗಳು ನಿಯೋಬಿಯಮ್ಮನ್ನು ಸ್ವಲ್ಪ ಹೆಚ್ಚು ಇಷ್ಟಪಡುವುದರಿಂದ ಕೊನೆಯ ಪಾಕದಲ್ಲಿ ನಿಯೋಬಿಯಂ–ಟ್ಯಾಂಟಲಂ ಅನುಪಾತ ಬೀಳುತ್ತದೆ. ಕ್ರಿಸ್ಟೊಫ್ ಬಲ್ಲೂಅರ್ ಮತ್ತು ಸಂಗಡಿಗರು 2016ರಲ್ಲಿ ಈ ಅನುಪಾತ 5ಕ್ಕಿಂತ ಕೆಳಗಿಳಿದ ಗ್ರಾನೈಟುಗಳಲ್ಲೇ ತವರ, ಟಂಗ್‌ಸ್ಟನ್‌ಗಳ ಅದಿರು ಹೆಚ್ಚಾಗಿ ಕಾಣುತ್ತದೆ ಎಂದು ತೋರಿಸಿದರು. ಅಲ್ಲಿಂದ ಮುಂದೆ ಪಾಕದ ಜೊತೆ ಬಿಸಿದ್ರವದ ಕೈವಾಡವೂ ಸೇರಿರುತ್ತದೆ ಎಂಬುದು ಅವರ ಮಾತು.

ಇವೆಲ್ಲಕ್ಕಿಂತ ನನಗೆ ಹತ್ತಿರವಾದ ಸಾಕ್ಷಿ ಬೆಣಚುಕಲ್ಲು. ಅದರ ರಚನೆ ಬಹಳ ಬಿಗಿ, ಪರಕೀಯ ಅಯಾನುಗಳನ್ನು ಸುಲಭಕ್ಕೆ ಒಳಬಿಡದು, ಒಮ್ಮೆ ಬಿಟ್ಟದ್ದನ್ನು ಸುಲಭಕ್ಕೆ ಹೊರಹಾಕದು. ಫೆಲ್ಡ್‌ಸ್ಪಾರ್ ಆಮೇಲೆ ಬಂದ ಬಿಸಿನೀರಿಗೆ ಕೊಳೆತು ಜೇಡಿಯಾಗಬಹುದು, ಬಯೊಟೈಟ್ ಬಣ್ಣಗೆಡಬಹುದು, ಬೆಣಚು ಮಾತ್ರ ತನ್ನ ಹುಟ್ಟಿನ ಗುರುತನ್ನು ಕಾಪಾಡಿಕೊಂಡಿರುತ್ತದೆ. ಬಿಸಿಯಾದ ಪಾಕದಿಂದ ಬಂದ ಬೆಣಚಿನಲ್ಲಿ ಟೈಟೇನಿಯಂ ಹೆಚ್ಚು. ತಣಿದ, ಕೊನೆಗಾಲದ ಪಾಕದಿಂದ ಬಂದದ್ದರಲ್ಲಿ ಟೈಟೇನಿಯಂ ಇಳಿದು ಅಲ್ಯುಮಿನಿಯಂ, ಲಿಥಿಯಂ, ಜರ್ಮೇನಿಯಂ ಏರಿರುತ್ತವೆ. ಇಲೆಕ್ಟ್ರಾನ್ ಕಿರಣ ತಾಗಿಸಿದರೆ ಬೆಣಚಿನ ಹರಳು ಒಳಗಿನಿಂದ ಮಿನುಗುತ್ತದೆ, ಆ ಬೆಳಕಿನಲ್ಲಿ ಅದು ಪದರಪದರವಾಗಿ ಬೆಳೆದ ಬಗೆ ಗೋಚರಿಸುತ್ತದೆ. ಲೇಸರಿನಿಂದ ಕೂದಲಿನ ದಪ್ಪದ ಗುಳಿ ತೋಡಿ, ಪದರ ಪದರಕ್ಕೂ ಧಾತುಗಳನ್ನು ಅಳೆಯಬಹುದು. ಬರಿಗಣ್ಣಿಗೆ ಬೂದು ಗಾಜಿನಂತೆ ಕಾಣುವ ಕಾಳಿನಲ್ಲಿ ಇಷ್ಟೊಂದು ಬರಹ ಇದೆ ಎಂದು ನೋಡಿದವರಿಗೆ ಕಲ್ಲಿನ ಮೇಲಿನ ಗೌರವ ಹೆಚ್ಚದೆ ಇರದು.

ಜಿರ್ಕಾನ್ ಇನ್ನೊಂದು. ಅದು ಗ್ರಾನೈಟಿನ ವಯಸ್ಸು ಹೇಳುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು, ಅದರೊಳಗಿನ ಯುರೇನಿಯಂ ಸೀಸವಾಗುತ್ತ ಹೋಗುವ ಗತಿಯಿಂದ. ಅದು ಪಾಕದ ಆಮ್ಲಜನಕವನ್ನೂ ಅಳೆದಿಟ್ಟುಕೊಂಡಿರುತ್ತದೆ. ಸೀರಿಯಂ ನಾಲ್ಕು ಆವೇಶದಲ್ಲಿದ್ದರೆ ಜಿರ್ಕಾನಿಗೆ ಹಿತ, ಮೂರರಲ್ಲಿದ್ದರೆ ಅಹಿತ. ಆಮ್ಲಜನಕ ಧಾರಾಳವಾಗಿದ್ದ ಪಾಕದ ಜಿರ್ಕಾನಿನಲ್ಲಿ ಸೀರಿಯಂ ಎದ್ದು ಕಾಣುತ್ತದೆ, ತವರದ ಗ್ರಾನೈಟುಗಳ ಜಿರ್ಕಾನಿನಲ್ಲಿ ಆ ಏರಿಕೆ ಸಣ್ಣದು. ಗ್ರಾನೈಟ್ ಸವೆದು ಹೋದರೂ ಜಿರ್ಕಾನ್ ಸವೆಯದೆ ಹೊಳೆಯ ಮರಳಿಗೆ ಸೇರುತ್ತದೆ. ಹಾಗಾಗಿ ಕಣ್ಣಿಗೆ ಕಾಣದ ಗ್ರಾನೈಟಿನ ಗುಣವನ್ನು ಮರಳಿನಿಂದಲೇ ತಿಳಿಯುವುದು ಸಾಧ್ಯ.

ಆದರೆ ಇಲ್ಲಿಯವರೆಗಿನ ಎಲ್ಲ ಸಾಂದ್ರೀಕರಣದಿಂದ ನಮಗೆ ಸಿಕ್ಕಿದ್ದು ಟನ್ನಿಗೆ ಮೂವತ್ತು ಗ್ರಾಂ. ಬೇಕಾದದ್ದು ಕಿಲೋಗಟ್ಟಲೆ. ಇನ್ನೂ ನೂರು ಪಟ್ಟು ಬೇಕು. ಅದನ್ನು ಶಿಲಾಪಾಕ ತಾನಾಗಿ ಮಾಡಲಾರದು, ನೀರು ಬರಬೇಕು.

ಕೊನೆಯ ಪಾಕದಲ್ಲಿ ತವರದ ಜೊತೆ ಇನ್ನೂ ಹಲವು ಜಾಗ ಸಿಗದವರಿರುತ್ತಾರೆ: ನೀರು, ಬೋರಾನ್, ಫ್ಲೋರಿನ್, ಕ್ಲೋರಿನ್, ಲಿಥಿಯಂ. ಬೋರಾನ್ ಮತ್ತು ಫ್ಲೋರಿನ್ ಪಾಕ ಹೆಪ್ಪುಗಟ್ಟುವ ಉಷ್ಣತೆಯನ್ನು ಕೆಳಗಿಳಿಸುತ್ತವೆ, ಅದನ್ನು ತೆಳುವಾಗಿಸುತ್ತವೆ. ಹೀಗಾಗಿ ಪಾಕ ಇನ್ನಷ್ಟು ಹೊತ್ತು ಪಾಕವಾಗಿಯೇ ಉಳಿದು ಇನ್ನಷ್ಟು ಹರಳುಗಳನ್ನು ಬೇರ್ಪಡಿಸಲು ಅವಕಾಶ ಸಿಗುತ್ತದೆ. ಇವೆರಡೂ ಇದ್ದದ್ದಕ್ಕೆ ಗುರುತಾಗಿ ಕಾರ್ನ್‌ವಾಲಿನಲ್ಲಿ ಎಲ್ಲೆಲ್ಲೂ ಟೂರ್ಮಲಿನ್ ಮತ್ತು ಅಲ್ಲಲ್ಲಿ ಟೋಪಾಜ್ ಇವೆ. ಸೇಂಟ್ ಆಸ್ಟೆಲ್ ಹತ್ತಿರದ ರೋಚ್ ರಾಕ್ ಎಂಬ ಕಡಿದಾದ ಬಂಡೆ ಬರೀ ಬೆಣಚು ಮತ್ತು ಕಪ್ಪು ಟೂರ್ಮಲಿನಿನಿಂದಾದದ್ದು. ಅದರ ನೆತ್ತಿಯ ಮೇಲೆ 1409ರಲ್ಲಿ ಕಟ್ಟಿದ ಸಣ್ಣ ಪ್ರಾರ್ಥನಾಲಯದ ಗೋಡೆಗಳು ಇಂದಿಗೂ ನಿಂತಿವೆ. ಅದೇ ಸೀಮೆಯ ಲಕ್ಸುಲಿಯನ್ ಊರಿನ ಟೂರ್ಮಲಿನ್ ಶಿಲೆಯಿಂದ, ಟಿಪ್ಪುವಿನ ವಿರುದ್ಧದ ಕಡೆಯ ಯುದ್ಧದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದವನ ಸಮಾಧಿಯ ಕಲ್ಲುಪೆಟ್ಟಿಗೆಯನ್ನು ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ ಮಾಡಿಟ್ಟಿದ್ದಾರೆ. ಟೂರ್ಮಲಿನ್ ಹರಳುಗಳ ತಿರುಳು ಕಂದು, ಅಂಚು ನೀಲಿ ಎಂಬಂತೆ ಬಣ್ಣ ಬದಲಾಗುವುದುಂಟು. ತಿರುಳು ಪಾಕದಲ್ಲಿ ಬೆಳೆದದ್ದು, ಅಂಚು ಆಮೇಲಿನ ಬಿಸಿದ್ರವದಲ್ಲಿ ಬೆಳೆದದ್ದು ಎಂದು ಹಲವು ಕಡೆ ಗುರುತಿಸಲಾಗಿದೆ. ಪಾಕದ ಕಾಲ ಮುಗಿದು ನೀರಿನ ಕಾಲ ಶುರುವಾದ ಗಡಿ ಒಂದೇ ಹರಳಿನೊಳಗೆ ಹಾದುಹೋಗಿದೆ.

ಪಾಕದಲ್ಲಿ ಇನ್ನು ಹಿಡಿಯಲಾರದಷ್ಟು ನೀರಾದಾಗ ಅದು ಬೇರೆ ದ್ರವವಾಗಿ ಸಿಡಿದು ಹೊರಬರುತ್ತದೆ. ಅದು ಉಪ್ಪುನೀರು, ಅದರಲ್ಲಿ ಕ್ಲೋರಿನ್ ಇದೆ. ಎರಡು ಆವೇಶದ ತವರಕ್ಕೆ ಕ್ಲೋರಿನ್ ಒಳ್ಳೆಯ ಸಂಗಾತಿ. ಇಬ್ಬರೂ ಕೂಡಿ ನೀರಿನಲ್ಲಿ ಕರಗಿ ಬಿರುಕುಗಳ ದಾರಿ ಹಿಡಿದು ಮೇಲೇರುತ್ತಾರೆ. ಈ ನೀರಿನ ಹನಿಗಳು ಇಂದಿಗೂ ಬೆಣಚಿನೊಳಗೆ ಸೆರೆಯಾಗಿವೆ. ಶೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ 1858ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹನಿಯೊಳಗಿನ ಗುಳ್ಳೆ ಕರಗುವವರೆಗೆ ಹರಳನ್ನು ಬಿಸಿಮಾಡಿದರೆ ಹರಳು ಬೆಳೆದ ಕಾಲದ ಉಷ್ಣತೆಯನ್ನು ಅಂದಾಜಿಸಬಹುದು ಎಂಬ ವಿಚಾರವನ್ನು ಮುಂದಿಟ್ಟ. ಬಂಡೆಯ ತೆಳುಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿಯನ್ನು ರೂಢಿಗೆ ತಂದವನೂ ಅವನೇ. ಬೆಟ್ಟವನ್ನು ಸೂಕ್ಷ್ಮದರ್ಶಕದಿಂದ ನೋಡುವುದೇ ಎಂದು ಸಮಕಾಲೀನರು ಅನುಮಾನಿಸಿದ ಕಾಲವದು. ಇಂದು ಅದೇ ಹನಿಯನ್ನು ಲೇಸರಿನಿಂದ ಒಡೆದು ಅದರಲ್ಲಿ ಎಷ್ಟು ತವರ ಕರಗಿತ್ತು ಎಂದೂ ಅಳೆಯುತ್ತೇವೆ.

ದ್ರವದಲ್ಲಿ ಕರಗಿದ ತವರ ಕ್ಯಾಸಿಟರೈಟ್ ಹರಳಾಗಿ ಕೆಳಗಿಳಿಯಬೇಕಾದರೆ ಏನಾಗಬೇಕು? ಈ ಘಟ್ಟದ ಚೆಲುವನ್ನು ನಾನು ಎಷ್ಟು ಸಲ ಪಾಠ ಹೇಳಿದರೂ ಆಯಾಸವಾಗಿಲ್ಲ. ಕ್ಯಾಸಿಟರೈಟ್ ಅಂದರೆ ತವರದ ಆಕ್ಸೈಡ್, ಅದರಲ್ಲಿ ತವರ ಮತ್ತೆ ನಾಲ್ಕು ಆವೇಶದ್ದು. ಇಷ್ಟು ದೂರ ಎರಡು ಆವೇಶದಲ್ಲಿ ತಪ್ಪಿಸಿಕೊಂಡು ಬಂದ ತವರ ಇಲ್ಲಿ ನೀರಿನಿಂದ ಆಮ್ಲಜನಕ ಪಡೆದು ಹರಳುಗಟ್ಟುತ್ತದೆ. ಹರಳುಗಟ್ಟುವಾಗ ಕ್ಲೋರಿನ್ ಬಿಡುಗಡೆಯಾಗಿ ಹೈಡ್ರೊಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಆಮ್ಲ ಅಲ್ಲೇ ಕೂಡಿಕೊಂಡರೆ ಕ್ರಿಯೆ ನಿಂತುಹೋಗುತ್ತದೆ. ಆಮ್ಲವನ್ನು ಯಾರಾದರೂ ಕುಡಿಯಬೇಕು. ಕುಡಿಯುವುದು ಪಕ್ಕದ ಗೋಡೆಯ ಫೆಲ್ಡ್‌ಸ್ಪಾರ್. ಆಮ್ಲವನ್ನು ಹೀರಿ ಅದು ತಾನು ನಾಶವಾಗಿ, ಬೆಣಚು ಮತ್ತು ಬಿಳಿಯ ಅಭ್ರಕವಾಗಿ ಮಾರ್ಪಡುತ್ತದೆ. ಹಾಗೆ ಮಾರ್ಪಟ್ಟ ಬೂದು ಶಿಲೆಯನ್ನು ಸ್ಯಾಕ್ಸನಿಯ ಗಣಿಗಾರರ ಮಾತಿನಂತೆ ಗ್ರೈಸನ್ ಎನ್ನುತ್ತಾರೆ. ಕಾರ್ನ್‌ವಾಲಿನ ಕ್ಲಿಗ್ಗಾ ಹೆಡ್ ಎಂಬ ಕಡಲದಂಡೆಯ ಪ್ರಪಾತದಲ್ಲಿ ಇದನ್ನು ತೆರೆದ ಪುಸ್ತಕದಲ್ಲಿ ನೋಡುವಷ್ಟು ಸ್ಪಷ್ಟವಾಗಿ ನೋಡಬಹುದು. ಒಂದಕ್ಕೊಂದು ಸಮಾನಾಂತರವಾದ ನೂರಾರು ಬೆಣಚಿನ ಸಿರಗಳು, ಪ್ರತಿ ಸಿರದ ಎರಡೂ ಪಕ್ಕದಲ್ಲಿ ಕಪ್ಪುಬೂದಿನ ಗ್ರೈಸನ್ ಅಂಚು, ಅಂಚಿನಿಂದಾಚೆ ಕೊಳೆತ ಬಿಳಿ ಗ್ರಾನೈಟ್, ಮತ್ತೆ ಸಿರ. ಎಷ್ಟು ಫೆಲ್ಡ್‌ಸ್ಪಾರ್ ಅಳಿಯಿತೋ ಅಷ್ಟು ಆಮ್ಲ ತಟಸ್ಥವಾಯಿತು, ಅದಕ್ಕೆ ತಕ್ಕಷ್ಟು ತವರ ಇಳಿಯಲು ಎಡೆಯಾಯಿತು. ತವರ ಇಳಿಯಲು ಇದೊಂದೇ ದಾರಿಯಲ್ಲ, ದ್ರವ ತಣಿಯುವುದು, ಹೊರಗಿನ ನೀರು ಬಂದು ಬೆರೆಯುವುದು ಇವೂ ಇವೆ. ಆದರೆ ಗ್ರೈಸನ್ ಇದ್ದಲ್ಲಿ ಫೆಲ್ಡ್‌ಸ್ಪಾರಿನ ಪಾತ್ರ ಮರೆಯುವಂಥದಲ್ಲ.

ಕ್ಯಾಸಿಟರೈಟ್ ಹರಳಿನಲ್ಲೂ ಸ್ವಲ್ಪ ಯುರೇನಿಯಂ ಇರುತ್ತದೆ. ಆದ್ದರಿಂದ ಇತ್ತೀಚಿನ ವರ್ಷಗಳಲ್ಲಿ ಅದಿರಿನ ವಯಸ್ಸನ್ನೇ ನೇರವಾಗಿ ಅಳೆದು ಗ್ರಾನೈಟಿನ ಜಿರ್ಕಾನ್ ವಯಸ್ಸಿನೊಡನೆ ಹೋಲಿಸಲು ಆಗುತ್ತಿದೆ. ಯಾವ ಕಂತಿನ ಗ್ರಾನೈಟ್ ಯಾವ ಅದಿರಿಗೆ ತಾಯಿ ಎನ್ನುವ ಹಳೆಯ ಜಗಳಗಳು ಇದರಿಂದ ಒಂದೊಂದಾಗಿ ಇತ್ಯರ್ಥವಾಗುತ್ತವೆ.

ಮೊತ್ತದ ಲೆಕ್ಕವೊಂದನ್ನು ಹೇಳಬೇಕು. ಒಂದು ಘನ ಕಿಲೋಮೀಟರ್ ಗ್ರಾನೈಟಿನ ತೂಕ ಸುಮಾರು 265 ಕೋಟಿ ಟನ್. ಟನ್ನಿಗೆ 30 ಗ್ರಾಂ ಎಂದರೂ ಅದರಲ್ಲಿ 79,500 ಟನ್ ತವರ. ಅದರ ಅರ್ಧವನ್ನು ದ್ರವ ಹೊತ್ತು ತಂದು ನಾಲ್ಕಾರು ಬಿರುಕುಗಳಲ್ಲಿ ಸುರಿದರೆ ಹತ್ತಿರ ಹತ್ತಿರ 40,000 ಟನ್. ದೊಡ್ಡ ಗಣಿಗೆ ದೊಡ್ಡ ಪವಾಡ ಬೇಕಿಲ್ಲ. ದ್ರವ ಎಲ್ಲ ಕಡೆ ಸೋರಿಹೋಗದೆ ಒಂದು ದಾರಿಯಲ್ಲಿ ಹರಿದರೆ ಸಾಕು. ಹಾಗೆ ಹರಿಯುವುದು ಗ್ರಾನೈಟ್ ರಾಶಿಯ ತಲೆಯಲ್ಲಿ, ಗುಮ್ಮಟದಂತೆ ಉಬ್ಬಿದ ಭಾಗದಲ್ಲಿ. ಕಾರ್ನ್‌ಮೆನೆಲಿಸ್ ಗ್ರಾನೈಟಿನ ಅಂಚಿನ ಕ್ಯಾಂಬೋರ್ನ್, ರೆಡ್ರುತ್ ಊರುಗಳ ಸುತ್ತ ಡಾಲ್ಕೋತ್, ಸೌತ್ ಕ್ರಾಫ್ಟಿಯಂಥ ಗಣಿಗಳು ಒತ್ತಾಗಿರುವುದು ಇದೇ ಕಾರಣಕ್ಕೆ.

ಗುಮ್ಮಟ ಸವೆದುಹೋದರೆ ತವರವೂ ಹೋಗುತ್ತದೆ, ಆದರೆ ದೂರ ಹೋಗುವುದಿಲ್ಲ. ಕ್ಯಾಸಿಟರೈಟ್ ನೀರಿನ ಏಳು ಪಟ್ಟು ಭಾರ, ಗಡಸು, ಮಳೆಗೆ ಕರಗದು. ಅದು ಹತ್ತಿರದ ಕಣಿವೆಯ ಮರಳಿನಲ್ಲಿ ತಂಗುತ್ತದೆ. ಮಲೇಷ್ಯಾದ ಕಿಂಟಾ ಕಣಿವೆ, ಇಂಡೋನೇಷ್ಯಾದ ಬಂಕಾ ಮತ್ತು ಬೆಲಿಟುಂಗ್ ದ್ವೀಪಗಳ ತವರ ಇಂಥದ್ದು, ಬಂಕಾದ ಸುತ್ತ ಸಮುದ್ರದ ತಳದಿಂದಲೂ ಅದನ್ನು ಎತ್ತುತ್ತಾರೆ. ಮಯನ್ಮಾರಿನಿಂದ ಇಂಡೋನೇಷ್ಯಾದವರೆಗಿನ ಆ ಒಂದು ಪಟ್ಟಿಯಿಂದಲೇ ಜಗತ್ತು ಈವರೆಗೆ ತೆಗೆದ ತವರದ ಸುಮಾರು ಅರ್ಧ ಬಂದಿದೆ. ನಮ್ಮ ಅಜ್ಜಿಯರ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಬೀದಿಯಲ್ಲಿ ಕೂತು ಕಲಾಯಿ ಹಾಕುತ್ತಿದ್ದವರ ಕೈಯ ತವರ ಹೊರದೇಶದಿಂದ ಬರುತ್ತಿದ್ದ ಸರಕು. ಇಂದು ತವರದ ಸುಮಾರು ಅರ್ಧ ಭಾಗ ಬೆಸುಗೆಗೆ ಹೋಗುತ್ತದೆ, ಮೊಬೈಲು, ಕಂಪ್ಯೂಟರುಗಳ ಒಳಗೆ.

ಭಾರತದಲ್ಲಿ ತವರದ ಅದಿರು ಮುಖ್ಯವಾಗಿ ಛತ್ತೀಸಗಢದ ಬಸ್ತರ್ ಸೀಮೆಯ ಪೆಗ್ಮಟೈಟುಗಳಲ್ಲಿದೆ. ದಂತೇವಾಡ ಮತ್ತು ಸುಕ್ಮಾದ ಆದಿವಾಸಿಗಳು ಹೊಳೆಯ ಮರಳನ್ನು ತೊಳೆದು ಕ್ಯಾಸಿಟರೈಟ್ ಕೂಡಿಸುತ್ತಾರೆ. ಪೆಗ್ಮಟೈಟ್ ಎಂದರೆ ಗ್ರಾನೈಟಿನ ಕಡೆಯ ಪಾಕ ದೊಡ್ಡ ದೊಡ್ಡ ಹರಳುಗಳಾಗಿ ಗಟ್ಟಿಯಾದದ್ದು. ನಮ್ಮ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ, ಅಲ್ಲಾಪಟ್ಟಣದ ಕಡೆ ಲಿಥಿಯಂ ಇರುವ ಪೆಗ್ಮಟೈಟುಗಳಿವೆ. ಪರಮಾಣು ಖನಿಜ ನಿರ್ದೇಶನಾಲಯ ಅಲ್ಲಿ ಶೋಧ ನಡೆಸಿದೆ. ಕ್ಲೋಸ್‌ಪೇಟೆ ಗ್ರಾನೈಟಿಗೆ ಹೇಳಿದ ಮಾತು ಈ ಪೆಗ್ಮಟೈಟುಗಳಿಗೆ ಅನ್ವಯಿಸುವುದಿಲ್ಲ, ಇವುಗಳ ಚರಿತ್ರೆಯನ್ನು ಇವುಗಳ ಖನಿಜಗಳಿಂದಲೇ ಓದಬೇಕು. ಅದಕ್ಕೆ ಕೊಳವೆಬಾವಿ ಕೊರೆಯುವ ಯಂತ್ರದಿಂದ ಆರಂಭಿಸಬೇಕಾಗಿಲ್ಲ. ಪ್ರತಿ ಪೆಗ್ಮಟೈಟಿನಿಂದ ಅಂಗೈಯಗಲದ ಮಸ್ಕೊವೈಟ್ ಹಾಳೆಯನ್ನು ಬಿಡಿಸಿ, ಎಲ್ಲಿಂದ ಎತ್ತಿದ್ದೆಂದು ನಕ್ಷೆಯಲ್ಲಿ ಗುರುತಿಸಿ, ಅದರ ಪೊಟ್ಯಾಸಿಯಂ–ರುಬಿಡಿಯಂ ಅನುಪಾತವನ್ನೂ, ಲಿಥಿಯಂ, ಟ್ಯಾಂಟಲಂ, ತವರಗಳನ್ನೂ ಅಳೆಸಬೇಕು. ಅನುಪಾತ ಯಾವ ದಿಕ್ಕಿಗೆ ಇಳಿಯುತ್ತದೋ ಪಾಕ ಹರಿದ ದಿಕ್ಕು ಅದು. ಮುಂದಿನ ಮಾದರಿಯನ್ನು ಆ ಕಡೆಯಿಂದ ತರಬೇಕು.